ಮನೆಯಲ್ಲಿ ಅಂಬಾಸಿಡರ್ ಇದ್ದರೆ: ಓಡಿಸುವ ಕ್ರಮ, ನೋಡಿಕೊಳ್ಳುವ ಕ್ರಮ

ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸರ್ವಿಸ್‌ಗೆ ಬಿಟ್ಟು, ನಡುವೆ ಬಾನೆಟ್ ಎತ್ತದೆ ಇರುವುದು ಈಗಿನ ಕಾರುಗಳ ಪದ್ಧತಿ. ಅದನ್ನೇ ಅಂಬಾಸಿಡರ್‌ಗೂ ಹಚ್ಚಿದರೆ ಮೊದಲು ಸ್ಟೀರಿಂಗ್ ಬಿಗಿಯುತ್ತದೆ, ಆಮೇಲೆ ಮುಂದಿನ ಚಕ್ರಗಳು ಕಟಕಟ ಅನ್ನುತ್ತವೆ, ಕೊನೆಗೊಂದು ದಿನ ಬೆಳಗ್ಗೆ ಎಂಜಿನ್ ಎದ್ದೇಳುವುದಿಲ್ಲ. ಈ ಗಾಡಿಯ ವಿನ್ಯಾಸ 1950ರ ದಶಕದ್ದು. ಸಾವಿರ ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿದು ಕೆಳಗೆ ತೂರುವವರೊಬ್ಬರು ಮನೆಯಲ್ಲಿ ಇದ್ದೇ ಇರುತ್ತಾರೆ ಎಂದು ನಂಬಿ ಮಾಡಿದ್ದು. ಪದೇ ಪದೇ ಕೊಡುವ ಸಣ್ಣ ಗಮನ ಇದಕ್ಕೆ ಬೇಕು. ಅದು ಸಿಕ್ಕರೆ ದೊಡ್ಡ ಖರ್ಚು ಅಪರೂಪ.

ಮೊದಲು ನಿಮ್ಮದು ಯಾವ ಅಂಬಾಸಿಡರ್ ಎಂದು ಗೊತ್ತುಮಾಡಿಕೊಳ್ಳಿ

ಬಿ.ಎಂ. ಬಿರ್ಲಾ ಅವರು 1942ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಟ್ಟಿದಾಗ ಕಾರ್ಖಾನೆ ಇದ್ದದ್ದು ಗುಜರಾತಿನ ಓಖಾ ಬಂದರಿನಲ್ಲಿ. 1948ರಲ್ಲಿ ಅದು ಪಶ್ಚಿಮ ಬಂಗಾಳದ ಹೂಗ್ಲಿ ಜಿಲ್ಲೆಯ ಉತ್ತರಪಾಡಾಕ್ಕೆ ಹೋಯಿತು. ಅಲ್ಲಿನ ರೈಲು ನಿಲ್ದಾಣಕ್ಕೆ ಇವತ್ತಿಗೂ ಹಿಂದ್ ಮೋಟರ್ ಎಂದೇ ಹೆಸರು. ಇಂಗ್ಲೆಂಡಿನ ಮಾರಿಸ್ ಕಂಪನಿಯ ಕಾರುಗಳನ್ನು ಪರವಾನಗಿ ಪಡೆದು ಮಾಡುತ್ತಿದ್ದರು. ಮಾರಿಸ್ ಆಕ್ಸ್‌ಫರ್ಡ್ ಎರಡನೇ ಸರಣಿಯ ಕಾರು ಇಲ್ಲಿ ಲ್ಯಾಂಡ್‌ಮಾಸ್ಟರ್ ಆಯಿತು, ಮೂರನೇ ಸರಣಿಯದು 1950ರ ದಶಕದ ಕೊನೆಗೆ ಅಂಬಾಸಿಡರ್ ಆಯಿತು. ಇಂಗ್ಲೆಂಡಿನಲ್ಲಿ ಆ ಮಾದರಿ ಬೇಗ ನಿಂತುಹೋದರೂ ಉತ್ತರಪಾಡಾದಲ್ಲಿ 2014ರ ಮೇ ತಿಂಗಳವರೆಗೆ ನಡೆಯಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೋ ಕಂಪನಿಯ ಪಾಲಾಯಿತು.

ಬಿಡಿಭಾಗ ಕೊಳ್ಳುವಾಗ ಈ ಚರಿತ್ರೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಹೊರಗಿನ ಮೈಕಟ್ಟು ಅಷ್ಟಾಗಿ ಬದಲಾಗದಿದ್ದರೂ ಒಳಗಿನದು ಹಲವು ಸಲ ಬದಲಾಗಿದೆ. ಮೊದಲ ಒಂದೆರಡು ವರ್ಷ 1476 ಸಿಸಿಯ ಸೈಡ್ ವಾಲ್ವ್ ಎಂಜಿನ್ ಇತ್ತು. ಆಮೇಲೆ ಬಂದದ್ದು 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ಎಂಜಿನ್; ಹೆಚ್ಚಿನ ಹಳೆಯ ಗಾಡಿಗಳಲ್ಲಿ ಇರುವುದು ಇದೇ. 1975ರ ಮಾರ್ಕ್ 3, 1979ರ ಮಾರ್ಕ್ 4, 1990ರ ನೋವಾ ಇವೆಲ್ಲ ಅದೇ ವಂಶ. ಅದೇ 1489 ಸಿಸಿ ಅಳತೆಯ ಡೀಸೆಲ್ ಎಂಜಿನ್ ಕೂಡ ಬಂತು. 1990ರ ದಶಕದ ಆರಂಭದಲ್ಲಿ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್, ಜೊತೆಗೆ ನೆಲದ ಮೇಲಿನ ಐದು ಗೇರಿನ ಬಾಕ್ಸ್ ಬಂದವು.

ಮೂರು ಸಲ ಕೈ ಬದಲಾದ ಗಾಡಿಯಲ್ಲಿ ಮಾರ್ಕ್ 2 ಬಾಡಿಗೆ ನೋವಾ ಎಂಜಿನ್, ಅದಕ್ಕೊಂದು ಬೇರೆ ವರ್ಷದ ಬ್ರೇಕ್ ಸೆಟ್ ಇರುವುದು ಸಾಮಾನ್ಯ. ಆದ್ದರಿಂದ ಆರ್‌ಸಿಯಲ್ಲಿ ಬರೆದ ಎಂಜಿನ್ ನಂಬರನ್ನು ಎಂಜಿನ್ ಮೇಲಿನದಕ್ಕೆ ತಾಳೆ ನೋಡಿ. ಬ್ರೇಕ್, ಕ್ಲಚ್, ಫ್ಯೂಯಲ್ ಪಂಪ್, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಯಾವುದೇ ಬದಲಿಸುವುದಿದ್ದರೂ ಹಳೆಯ ಸಾಮಾನನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಮಾಡೆಲ್ ವರ್ಷ ಹೇಳಿ ತಂದ ಸಾಮಾನು ಎಷ್ಟೋ ಸಲ ಕೂರುವುದಿಲ್ಲ.

ಈ ಲೇಖನದ ಅಳತೆಗಳೆಲ್ಲ 1489 ಸಿಸಿ ಪೆಟ್ರೋಲ್ ಎಂಜಿನ್ನಿನವು. ಅದರ ನಟ್ಟು ಬೋಲ್ಟುಗಳು ಇಂಚಿನ ಲೆಕ್ಕದವು, ಇಸುಜು ಎಂಜಿನ್ನಿನವು ಮಿಲಿಮೀಟರ್ ಲೆಕ್ಕದವು. 7/16, 1/2, 9/16 ಇಂಚಿನ ಸ್ಪ್ಯಾನರ್‌ಗಳನ್ನು ಮೊದಲು ಕೊಳ್ಳಿ. 1/2 ಇಂಚಿಗೆ 13 ಮಿ.ಮೀ. ಸ್ಪ್ಯಾನರ್ ಹೇಗೋ ನಡೆಯುತ್ತದೆ. 7/16ಕ್ಕೆ 12 ಹಾಕಿ ಒತ್ತಿದರೆ ನಟ್ಟಿನ ಮೂಲೆ ಸವೆದು ಉರುಟಾಗುತ್ತದೆ. ಆಮೇಲೆ ಉಳಿಯುವುದು ಉಳಿ, ಸುತ್ತಿಗೆ.

ಗಾಡಿ ತೆಗೆಯುವ ಮುನ್ನ

ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ ನೋಡಬೇಕಾದವು:

1. ಎಂಜಿನ್ ಆಯಿಲ್. ಸಮತಟ್ಟು ನೆಲದಲ್ಲಿ ಡಿಪ್‌ಸ್ಟಿಕ್ ಒರೆಸಿ, ಅದ್ದಿ, ತೆಗೆದು ನೋಡಿ. ಎರಡು ಗೆರೆಗಳ ನಡುವೆ, ಮೇಲಿನದಕ್ಕೆ ಹತ್ತಿರ ಇರಲಿ. ಮೇಲಿನ ಗೆರೆ ದಾಟಿಸಿದರೆ ಸೋರಿಕೆ ಹೆಚ್ಚುತ್ತದೆ.
2. ರೇಡಿಯೇಟರ್ ನೀರು. ಬಿಸಿ ಇರುವಾಗ ಮುಚ್ಚಳ ತೆರೆಯಬೇಡಿ.
3. ಬ್ರೇಕ್ ಫ್ಲೂಯಿಡ್. ವಾರಕ್ಕೊಮ್ಮೆ ತುಂಬಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ತುಂಬುತ್ತಾ ಹೋಗಬೇಡಿ; ನಾಲ್ಕೂ ಚಕ್ರದ ಒಳಬದಿ ಒದ್ದೆಯಾಗಿದೆಯೇ ನೋಡಿ.
4. ಫ್ಯಾನ್ ಬೆಲ್ಟ್. ಉದ್ದನೆಯ ಭಾಗದ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ತಗ್ಗಬೇಕು. ಹೆಚ್ಚು ತಗ್ಗಿದರೆ ಎಂಜಿನ್ ಕಾಯುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ತಗ್ಗದೇ ಇದ್ದರೆ ವಾಟರ್ ಪಂಪ್, ಡೈನಮೊಗಳ ಬೇರಿಂಗ್ ಸವೆಯುತ್ತವೆ.
5. ಟೈರ್ ಗಾಳಿ, ಸ್ಟೆಪ್ನಿಯದೂ ಸೇರಿ. ಹಳೆಯ ಗಾಡಿಗಳ ಟೈರ್ 5.90-15 ಅಳತೆಯ ಕ್ರಾಸ್‌ಪ್ಲೈ, ಅಂದರೆ ಒಳಗಿನ ದಾರದ ಪದರಗಳು ಓರೆಯಾಗಿ ಅಡ್ಡಡ್ಡ ಹಾದ ಹಳೆಯ ಬಗೆ. ರೇಡಿಯಲ್ ಹಾಕಿಸುವುದಾದರೆ ನಾಲ್ಕಕ್ಕೂ ಹಾಕಿಸಿ. ಮುಂದೊಂದು ಬಗೆ ಹಿಂದೊಂದು ಬಗೆ ಇದ್ದರೆ ಮಳೆಯಲ್ಲಿ ತಿರುವಿನಲ್ಲಿ ಗಾಡಿ ಕೈ ತಪ್ಪುತ್ತದೆ. ಮೇಲ್ಮೈಯ ಗೀರು ಆಳವಿದ್ದರೂ ಪಕ್ಕದ ಗೋಡೆ ಬಿರುಕುಬಿಟ್ಟ ಟೈರನ್ನು ನಂಬಬೇಡಿ.

ಗಾಡಿ ನಿಂತ ಜಾಗದಲ್ಲಿ ಒಂದೆರಡು ಹನಿ ಆಯಿಲ್ ಬಿದ್ದರೆ ಗಾಬರಿ ಬೇಡ. ಬಿ-ಸೀರೀಸ್ ಎಂಜಿನ್ನಿನ ಹಿಂದಿನ ತುದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಶಾಫ್ಟಿನ ಮೇಲೆ ಕೊರೆದ ಸುರುಳಿ ಗೀರು ಆಯಿಲನ್ನು ಮರಳಿ ಎಂಜಿನ್ ಒಳಕ್ಕೆ ತಳ್ಳುತ್ತದೆ, ಅಷ್ಟೇ. ನಿಂತಾಗ ಸ್ವಲ್ಪ ತೊಟ್ಟಿಕ್ಕುವುದು ಅದರ ಜನ್ಮಗುಣ. ಕೈಯಗಲದ ಕಲೆಯಾಗುವಷ್ಟು ಸೋರಿದರೆ ಮೊದಲು ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿದೆಯೇ ನೋಡಿ. ಒಳಗಿನ ಒತ್ತಡಕ್ಕೆ ಹೊರದಾರಿ ಸಿಗದಿದ್ದರೆ ಅದು ಆಯಿಲನ್ನು ಎಲ್ಲ ಸಂದುಗಳಿಂದಲೂ ಹೊರನೂಕುತ್ತದೆ.

ಸ್ಟಾರ್ಟ್ ಮಾಡುವುದು, ಓಡಿಸುವುದು

ಹದಿನೈದು ದಿನ ನಿಂತ ಗಾಡಿಯ ಕಾರ್ಬೊರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಸುವ ಬದಲು, ಫ್ಯೂಯಲ್ ಪಂಪಿಗೆ ಕೈಯಿಂದ ಒತ್ತುವ ಸಣ್ಣ ಲಿವರ್ ಇದ್ದರೆ ಬಿಗಿ ಬರುವ ತನಕ ಅದನ್ನು ಒತ್ತಿ. ಆಮೇಲೆ ಚೋಕ್ ಪೂರ್ತಿ ಎಳೆದು, ಐದು ಸೆಕೆಂಡಿಗಿಂತ ಹೆಚ್ಚಾಗದಂತೆ ಸೆಲ್ಫ್ ಕೊಡಿ. ಎಂಜಿನ್ ಹಿಡಿದ ಕೂಡಲೇ ಚೋಕನ್ನು ಅರ್ಧಕ್ಕೆ ತಳ್ಳಿ, ಒಂದೆರಡು ನಿಮಿಷದಲ್ಲಿ ಪೂರ್ತಿ ಒಳಗೆ ತಳ್ಳಿ. ಚೋಕ್ ಎಳೆದೇ ಓಡಿಸಿದರೆ ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ರಿಂಗು ಸವೆಸುತ್ತದೆ.

ಸೆಲ್ಫ್ ಬದಲು ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುವುದಾದರೆ ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರುವ ಹೊತ್ತು, ಮುಂದಿದ್ದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಸುತ್ತಿ ಹಿಡಿದವರ ಮಣಿಕಟ್ಟು ಮುರಿಯುವುದು ಹೀಗೆ.

ಸ್ಟೀರಿಂಗ್ ಪಕ್ಕದ ನಾಲ್ಕು ಗೇರಿನ ಬಾಕ್ಸಿನಲ್ಲಿ ಮೊದಲ ಗೇರಿಗೆ ಸಿಂಕ್ರೊ (ಗೇರುಗಳ ವೇಗ ಹೊಂದಿಸಿ ಮೆತ್ತಗೆ ಕೂರಿಸುವ ಏರ್ಪಾಡು) ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಅದನ್ನು ಹಾಕಿ. ಉರುಳುತ್ತಿರುವಾಗಲೇ ಹಾಕಬೇಕಾಗಿ ಬಂದರೆ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಗೇರು: ಈ ಡಬಲ್ ಕ್ಲಚ್ ಅಭ್ಯಾಸ ಮಾಡಿಕೊಳ್ಳಿ.

ಕ್ಲಚ್ ಪೆಡಲಿನ ಮೇಲೆ ಕಾಲು ಇಟ್ಟುಕೊಂಡು ಓಡಿಸುವವರಿಗೆ ಈ ಗಾಡಿ ದುಬಾರಿ. ಇದರ ರಿಲೀಸ್ ಬೇರಿಂಗಿನಲ್ಲಿ ಗುಂಡುಗಳಿಲ್ಲ, ಬರೀ ಕಾರ್ಬನ್ ಉಂಗುರ; ಉಜ್ಜಿದಷ್ಟೂ ಸವೆಯುತ್ತದೆ. ಅದನ್ನು ಬದಲಿಸಲು ಗೇರ್ ಬಾಕ್ಸನ್ನೇ ಇಳಿಸಬೇಕು. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ.

ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಡ್ರಮ್ ಕಾದು ಹಿಗ್ಗಿ, ಪೆಡಲ್ ಕೆಳಗಿಳಿದರೂ ಗಾಡಿ ನಿಲ್ಲುವುದಿಲ್ಲ. ಹತ್ತುವಾಗ ಬೇಕಾದ ಗೇರೇ ಇಳಿಯುವಾಗಲೂ ಇರಲಿ. ನೀರು ನಿಂತ ರಸ್ತೆ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದು ಓಡಿಸಿ ಒಣಗಿಸಿ. ಆ ಮೊದಲು ವೇಗ ಬೇಡ.

ಆಯಿಲ್ ಬದಲಿಸುವುದು

5,000 ಕಿ.ಮೀ. ಇಲ್ಲವೇ ಆರು ತಿಂಗಳು, ಯಾವುದು ಮೊದಲೋ ಅದು. ಗ್ರೇಡು 20ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ಮಿನರಲ್ ಆಯಿಲ್. ತೆಳುವಾದ ಸಿಂಥೆಟಿಕ್ ಹಾಕಿದರೆ ಈ ಎಂಜಿನ್ನಿನ ಸಡಿಲ ಸಂದುಗಳಲ್ಲಿ ಆಯಿಲ್ ಪ್ರೆಶರ್ ಇಳಿಯುತ್ತದೆ, ಸೋರಿಕೆಯೂ ಹೆಚ್ಚುತ್ತದೆ.

1. ಹತ್ತು ನಿಮಿಷ ಓಡಿಸಿ ಬಂದು ಎಂಜಿನ್ ಬೆಚ್ಚಗಿರುವಾಗ ಚೇಂಬರಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಡ್ರೇನ್ ಬೋಲ್ಟ್ ಬಿಚ್ಚಿ. ಹದಿನೈದು ನಿಮಿಷ ಸೋರಲು ಬಿಡಿ.
2. ಹಳೆಯ ಬಗೆಯ ಫಿಲ್ಟರ್ ಆದರೆ ನಡುವಿನ ಉದ್ದ ಬೋಲ್ಟ್ ಬಿಚ್ಚಿ ಬಟ್ಟಲು ಇಳಿಸಿ, ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆಯಿರಿ. ಹೊಸ ಎಲಿಮೆಂಟಿನ ಜೊತೆ ಹೊಸ ರಬ್ಬರ್ ರಿಂಗನ್ನೂ ಹಾಕಿ. ಹಳೆಯ ರಿಂಗು ಗಾಡಿಯಲ್ಲೇ ಅಂಟಿಕೊಂಡಿರುತ್ತದೆ; ಚೂಪು ಮೊನೆಯಿಂದ ಎಬ್ಬಿಸಿ ತೆಗೆಯಿರಿ. ಅದರ ಮೇಲೆಯೇ ಹೊಸದು ಕೂರಿಸಿದರೆ ಎಂಜಿನ್ ಎದ್ದ ಅರೆ ನಿಮಿಷದಲ್ಲಿ ಆಯಿಲೆಲ್ಲ ನೆಲದ ಮೇಲೆ.
3. ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿಯಿರಿ.
4. ಮೊದಲು ಮೂರೂವರೆ ಲೀಟರ್ ಸುರಿದು, ಆಮೇಲೆ ಡಿಪ್‌ಸ್ಟಿಕ್ ನೋಡುತ್ತಾ ತುಂಬಿ. ಫಿಲ್ಟರ್ ಸೇರಿ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ.
5. ಡಿಸ್ಟ್ರಿಬ್ಯೂಟರಿಗೆ ಹೋಗುವ ಕಾಯಿಲ್ ವೈರ್ ಕಳಚಿ, ಆಯಿಲ್ ಪ್ರೆಶರ್ ದೀಪ ಆರುವ ತನಕ ತುಣುಕು ತುಣುಕಾಗಿ ಸೆಲ್ಫ್ ಕೊಡಿ. ಆಮೇಲೆ ವೈರ್ ಹಾಕಿ ಸ್ಟಾರ್ಟ್ ಮಾಡಿ.

ಹಿಂದಿನ ಆಕ್ಸಲಿಗೆ ಹೈಪಾಯ್ಡ್ ಇಪಿ 90 ಆಯಿಲ್. ತುಂಬುವ ರಂಧ್ರದ ಅಂಚಿನ ತನಕ ಬಂದರೆ ಸಾಕು. ಅದಕ್ಕಿಂತ ಹೆಚ್ಚು ತುಂಬಿದರೆ ಸೀಲು ದಾಟಿ ಬ್ರೇಕ್ ಶೂ ನೆನೆಯುತ್ತದೆ.

ಗ್ರೀಸ್

ಅಂಬಾಸಿಡರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ಉದ್ದನೆಯ ಟಾರ್ಷನ್ ಬಾರ್ ತಿರುಚಿಕೊಂಡು ಭಾರ ಹೊರುತ್ತದೆ. ಚಕ್ರ ತಿರುಗುವ ಸ್ವಿವಲ್ ಪಿನ್ನಿನ ಮೇಲೆ ಕೆಳಗೆ ಗ್ರೀಸಿನಲ್ಲೇ ಬದುಕುವ ಜೋಡಣೆಗಳಿವೆ. ಗ್ರೀಸ್ ಒಣಗಿದರೆ ಪಿನ್ನು ಸವೆಯುತ್ತದೆ, ಮಣ್ಣಿನ ರಸ್ತೆಯಲ್ಲಿ ಇನ್ನೂ ಬೇಗ.

1,500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಸಾವಿರಕ್ಕೊಮ್ಮೆ ಗ್ರೀಸ್ ಹೊಡೆಯಿರಿ. ಚಕ್ರ ನೆಲ ಬಿಡುವಂತೆ ಎತ್ತಿ, ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ ಹೊಡೆಯುವುದು ಮುಖ್ಯ. ಭಾರ ಕೂತಿದ್ದರೆ ಒತ್ತಡವಿರುವ ಬದಿಗೇ, ಅಂದರೆ ಸವೆಯುವ ಬದಿಗೇ, ಗ್ರೀಸ್ ಹೋಗುವುದಿಲ್ಲ. ಗ್ರೀಸ್ ಒಳಹೋಗುವ ಸಣ್ಣ ಮೂತಿಯನ್ನು, ಅಂದರೆ ನಿಪ್ಪಲನ್ನು, ಬಟ್ಟೆಯಿಂದ ಒರೆಸಿ, ಹಳೆಯ ಕಪ್ಪು ಗ್ರೀಸ್ ಹೋಗಿ ಹೊಸದು ಕಾಣುವ ತನಕ ಗನ್ ಒತ್ತಿ. ನಿಪ್ಪಲ್ ಕಟ್ಟಿದ್ದರೆ ಬಿಚ್ಚಿ ಬೇರೆ ಹಾಕಿ, ಬೆಲೆ ಏನೂ ಅಲ್ಲ. ಟೈ ರಾಡ್ ತುದಿಗಳು, ಪ್ರೊಪೆಲರ್ ಶಾಫ್ಟಿನ ಎರಡೂ ಜಾಯಿಂಟ್, ಹ್ಯಾಂಡ್ ಬ್ರೇಕ್ ಕೇಬಲ್ ಇವನ್ನೂ ಬಿಡಬೇಡಿ. ನಿಂತಲ್ಲಿಂದ ಹೊರಡುವಾಗ ಕೆಳಗೆ 'ಟಣ್' ಅಂದರೆ ಮೊದಲ ಅನುಮಾನ ಪ್ರೊಪೆಲರ್ ಶಾಫ್ಟ್ ಜಾಯಿಂಟ್ ಮೇಲೆ.

ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬೇಡಿ. ಸಾವಿರ ಕಿಲೋಗಿಂತ ಹೆಚ್ಚು ಭಾರದ ಗಾಡಿ ಇದು.

ಮೂಲದ ಲಿವರ್ ಬಗೆಯ ಶಾಕ್ ಅಬ್ಸಾರ್ಬರ್ ಇದ್ದರೆ ಅದರ ಮೇಲಿನ ಪ್ಲಗ್ ಸುತ್ತ ಒರೆಸಿ, ಬಿಚ್ಚಿ, ಆಯಿಲ್ ಮಟ್ಟ ನೋಡಿ. ಗಾಡಿ ಒಂದು ಬದಿಗೆ ವಾಲಿದ್ದರೆ ಆ ಬದಿಯ ಟಾರ್ಷನ್ ಬಾರ್ ಸೋತಿದೆ. ಅದನ್ನು ಹಲ್ಲು ಬದಲಿಸಿ ಕೂರಿಸುವುದು ಅನುಭವಿ ಮೆಕ್ಯಾನಿಕ್ ಕೆಲಸ, ಮನೆಯಲ್ಲಿ ಕೈ ಹಾಕಬೇಡಿ. ಎಡದ ಬಾರನ್ನು ಬಲಕ್ಕೆ ಹಾಕುವಂತೆಯೂ ಇಲ್ಲ. ಒಂದೇ ದಿಕ್ಕಿಗೆ ತಿರುಚಿಕೊಂಡು ಪಳಗಿದ ಉಕ್ಕು ಅದು.

ಪಾಯಿಂಟ್, ಪ್ಲಗ್, ಟೈಮಿಂಗ್

ಪಿಕಪ್ ಇಲ್ಲ, ಮಿಸ್ ಹೊಡೆಯುತ್ತದೆ, ಬೆಳಗ್ಗೆ ಏಳುವುದಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಡಿಸ್ಟ್ರಿಬ್ಯೂಟರಿನಲ್ಲೇ ಮುಗಿಯುತ್ತವೆ. ಕಾರ್ಬೊರೇಟರನ್ನು ಬಿಚ್ಚುವುದು ಕೊನೆಗೆ.

ಕ್ಯಾಪ್ ತೆಗೆದು, ಹ್ಯಾಂಡಲಿನಿಂದ ಎಂಜಿನ್ ತಿರುಗಿಸಿ ಪಾಯಿಂಟು (ತೆರೆದು ಮುಚ್ಚಿ ಪ್ಲಗ್ಗಿನ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್ಚು) ಪೂರ್ತಿ ತೆರೆಯುವಂತೆ ನಿಲ್ಲಿಸಿ. ಅಂತರ 0.014ರಿಂದ 0.016 ಇಂಚು ಇರಬೇಕು. ಪಾಯಿಂಟ್ ಮುಖ ಬೂದು ಬಣ್ಣಕ್ಕಿದ್ದರೆ ಸರಿ. ನೀಲಿಗಟ್ಟಿ ಸುಟ್ಟಿದ್ದರೆ, ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೆಟ್ಟಿದೆ. ಬರೀ ಪಾಯಿಂಟ್ ಬದಲಿಸಿದರೆ ಅದೂ ಹಾಗೆಯೇ ಸುಡುತ್ತದೆ, ಎರಡನ್ನೂ ಹಾಕಿ. ಉಪ್ಪುಕಾಗದದಲ್ಲಿ ಉಜ್ಜಿ ನಡೆಸುವುದು ದಾರಿಯಲ್ಲಿ ಕೈಕೊಟ್ಟಾಗ ಮಾತ್ರ. ಕ್ಯಾಮಿನ ಮೇಲೆ ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸ್, ರೋಟರ್ ಕೆಳಗೆ ಎರಡು ಹನಿ ಆಯಿಲ್ ಸಾಕು. ಹೆಚ್ಚಾದರೆ ಪಾಯಿಂಟಿಗೆ ಸಿಡಿದು ಕರೆಂಟ್ ತಡೆಯುತ್ತದೆ.

ಪ್ಲಗ್ ಅಂತರ 0.025 ಇಂಚು. ಫೈರಿಂಗ್ ಆರ್ಡರ್ 1-3-4-2, ರೋಟರ್ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ. ವೈರುಗಳನ್ನು ಒಂದೊಂದಾಗಿ ಬದಲಿಸಿದರೆ ಈ ಲೆಕ್ಕ ನೆನಪಿಡುವ ಕಷ್ಟವೂ ಇಲ್ಲ. ಪಾಯಿಂಟ್ ಅಂತರ ಬದಲಾದಾಗಲೆಲ್ಲ ಟೈಮಿಂಗ್ ಕೂಡ ಸರಿಯುತ್ತದೆ, ಆದ್ದರಿಂದ ಅಂತರ ಮೊದಲು, ಟೈಮಿಂಗ್ ಆಮೇಲೆ.

ಟ್ಯಾಪೆಟ್: ಸದ್ದು ನಿಂತರೆ ಎಚ್ಚರ

ಇಡೀ ಗಾಡಿಯಲ್ಲಿ ತಪ್ಪು ತಿಳಿವಳಿಕೆ ಹೆಚ್ಚಿರುವುದು ಇಲ್ಲಿ. ಟ್ಯಾಪೆಟ್ ಅಂತರವೆಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಣ್ಣ ಸಂದು. ಟಕಟಕ ಸದ್ದು ಬಂದರೆ ಟ್ಯಾಪೆಟ್ ಬಿಗಿಸುತ್ತಾರೆ, ಸದ್ದಿಲ್ಲದಿದ್ದರೆ ಎಂಜಿನ್ ಚೆನ್ನಾಗಿದೆ ಅನ್ನುತ್ತಾರೆ. ಸದ್ದು ಮಾಡುವ ವಾಲ್ವಿನಿಂದ ಎಂಜಿನ್ನಿಗೆ ಅಂಥ ಅಪಾಯವಿಲ್ಲ. ಸದ್ದೇ ಮಾಡದ ವಾಲ್ವು ಸುಡುತ್ತಿರಬಹುದು.

ಈ ಎಂಜಿನ್ನಿನ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಅದು ಎಕ್ಸಾಸ್ಟ್ ವಾಲ್ವ್ ಮತ್ತು ಅದರ ಪೀಠದ ನಡುವೆ ತೆಳು ಪದರವಾಗಿ ಕೂತು ಕಾಪಾಡುತ್ತಿತ್ತು. ಭಾರತದಲ್ಲಿ 2000ದಿಂದ ಸೀಸದ ಪೆಟ್ರೋಲ್ ಇಲ್ಲ. ಬಿ-ಸೀರೀಸ್ ಹೆಡ್ಡಿನಲ್ಲಿ ವಾಲ್ವ್ ಪೀಠಗಳನ್ನು ಎರಕದ ಕಬ್ಬಿಣದಲ್ಲೇ ಕೊರೆದಿದ್ದಾರೆ, ಗಟ್ಟಿ ಉಂಗುರ ಹಾಕಿಲ್ಲ. ಬಹಳ ಹೊತ್ತು ವೇಗವಾಗಿ ಓಡಿಸಿದಾಗ ಪೀಠ ಸವೆದು ವಾಲ್ವ್ ಮೇಲಕ್ಕೆ ಹೋಗುತ್ತದೆ, ಟ್ಯಾಪೆಟ್ ಅಂತರ ಕಿರಿದಾಗುತ್ತಾ ಬರುತ್ತದೆ. ಅಂತರ ಸೊನ್ನೆಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬಿಸಿ ಅನಿಲ ಸಂದಿನಲ್ಲಿ ನುಗ್ಗಿ ಅಂಚು ಸುಡುತ್ತದೆ. ಪೇಟೆಯಲ್ಲಿ ನಿಧಾನವಾಗಿ ಓಡುವ ಗಾಡಿಗೆ ಈ ಕಾಟ ಕಡಿಮೆ.

5,000 ಕಿ.ಮೀ.ಗೊಮ್ಮೆ ಹೀಗೆ ಅಳೆಯಿರಿ:

1. ಎಂಜಿನ್ ತಣ್ಣಗಿರಲಿ. ನಾಲ್ಕೂ ಪ್ಲಗ್ ಬಿಚ್ಚಿದರೆ ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ.
2. ರಾಕರ್ ಕವರ್ ತೆಗೆಯಿರಿ. ಎಂಟು ವಾಲ್ವ್‌ಗಳನ್ನು ರೇಡಿಯೇಟರ್ ಕಡೆಯಿಂದ 1ರಿಂದ 8 ಎಂದು ಎಣಿಸಿ. 1, 4, 5, 8 ಎಕ್ಸಾಸ್ಟ್, ಉಳಿದವು ಇನ್‌ಲೆಟ್.
3. ಲೆಕ್ಕ ಒಂಬತ್ತರದು. ಎಂಟನೆಯದು ಪೂರ್ತಿ ಕೆಳಗೆ ಒತ್ತಿಕೊಂಡಿರುವಾಗ ಒಂದನೆಯದನ್ನು ಅಳೆಯಿರಿ, ಆರನೆಯದು ಒತ್ತಿದಾಗ ಮೂರನೆಯದು, ನಾಲ್ಕಕ್ಕೆ ಐದು, ಏಳಕ್ಕೆ ಎರಡು. ಎರಡೂ ಸಂಖ್ಯೆ ಕೂಡಿದರೆ ಒಂಬತ್ತೇ ಬರಬೇಕು.
4. ಅಂತರ 0.015 ಇಂಚು. ಫೀಲರ್ ಗೇಜ್ ಸ್ವಲ್ಪ ಹಿಡಿದು ಜಾರಬೇಕು. ಸರಿಪಡಿಸುವ ಮೊದಲೇ, ಇದ್ದ ಅಂತರವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.
5. ಲಾಕ್ ನಟ್ ಸಡಿಲಿಸಿ ಸ್ಕ್ರೂ ತಿರುಗಿಸಿ. ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗ ಸ್ಕ್ರೂ ಕೂಡ ತಿರುಗಿರುತ್ತದೆ.
6. ಕವರಿನ ಕಾರ್ಕ್ ಗ್ಯಾಸ್ಕೆಟ್ ಹೊಸದು ಹಾಕಿ. ನಟ್ ಅತಿಯಾಗಿ ಬಿಗಿದರೆ ಕಾರ್ಕ್ ಹಿಸುಕಿ ಇನ್ನೂ ಸೋರುತ್ತದೆ.

ಬರೆದಿಟ್ಟ ಅಂಕಿಗಳ ಬೆಲೆ ಮುಂದಿನ ಸಲ ತಿಳಿಯುತ್ತದೆ. ಒಂದೇ ಎಕ್ಸಾಸ್ಟ್ ವಾಲ್ವಿನ ಅಂತರ ಪ್ರತಿ ಸಲವೂ ಕಿರಿದಾಗಿ ಸಿಕ್ಕರೆ ಅಲ್ಲಿ ಪೀಠ ಕುಸಿಯುತ್ತಿದೆ. ಹೆಡ್ ಇಳಿಸಿ ಲೇತ್ ವರ್ಕ್‌ಶಾಪಿನಲ್ಲಿ ಗಟ್ಟಿ ಉಕ್ಕಿನ ಸೀಟ್ ಹಾಕಿಸುವುದೇ ಶಾಶ್ವತ ಪರಿಹಾರ. ಯಾವ ಕಾರಣಕ್ಕೇ ಹೆಡ್ ಇಳಿಸಿದರೂ ಆಗಲೇ ಈ ಕೆಲಸ ಮಾಡಿಸಿಬಿಡಿ.

ಪೆಟ್ರೋಲ್

ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಇ20. ಅಂಬಾಸಿಡರಿನ ರಬ್ಬರು ಇದನ್ನು ಕಂಡದ್ದಲ್ಲ. ಪಂಪಿನ ಡಯಾಫ್ರಮ್, ಪೆಟ್ರೋಲ್ ಹೋಸ್, ಗ್ಯಾಸ್ಕೆಟ್‌ಗಳು ಉಬ್ಬುತ್ತವೆ ಇಲ್ಲವೇ ಬಿರಿಯುತ್ತವೆ. ಬಿರಿದ ಹೋಸ್ ಸೋರುವುದು ಬಿಸಿ ಎಂಜಿನ್ ಮೇಲೆ, ಆದ್ದರಿಂದ ಎಥನಾಲ್ ತಡೆಯುವ ಹೋಸ್ ಮತ್ತು ಡಯಾಫ್ರಮ್ ಕಿಟ್ ಹಾಕಿಸುವುದನ್ನು ಮುಂದೂಡಬೇಡಿ. ಎಥನಾಲ್ ಟ್ಯಾಂಕಿನ ಹಳೆಯ ಕೊಳೆಯನ್ನು ಕೂಡ ಎಬ್ಬಿಸುತ್ತದೆ. ಟ್ಯಾಂಕ್ ಮತ್ತು ಪಂಪ್ ನಡುವೆ ಪಾರದರ್ಶಕ ಫಿಲ್ಟರ್ ಹಾಕಿ, ಮೊದಲ ಕೆಲವು ವಾರ ಕಣ್ಣಿಟ್ಟಿರಿ.

ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಸೆಟ್ಟಿಂಗಿನಲ್ಲಿ ಮಿಶ್ರಣ ತೆಳುವಾಗುತ್ತದೆ: ಎಂಜಿನ್ ಬಿಸಿ ಹೆಚ್ಚು, ಏರಿನಲ್ಲಿ ತಡವರಿಕೆ. ಮೇಲೆ ಗುಮ್ಮಟದಂಥ ಮುಚ್ಚಳವಿರುವ ಎಸ್‌ಯು ಕಾರ್ಬೊರೇಟರ್ ಆದರೆ ಕೆಳಗಿನ ಜೆಟ್ ನಟ್ಟನ್ನು ಒಂದು ಮುಖದಷ್ಟು ಇಳಿಸಿ, ಓಡಿಸಿ ನೋಡಿ, ಬೇಕಾದರೆ ಇನ್ನೊಂದು ಮುಖ. ಗುಮ್ಮಟದ ಮೇಲಿನ ಮುಚ್ಚಳ ಬಿಚ್ಚಿ ತೆಳು ಆಯಿಲ್ ಇದೆಯೇ ನೋಡಿ. ಅದು ಖಾಲಿಯಾದರೆ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ. ಸೋಲೆಕ್ಸ್ ಕಾರ್ಬೊರೇಟರ್ ಆದರೆ ಜೆಟ್ಟುಗಳನ್ನು (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಣುಕುಗಳನ್ನು) ಗಾಳಿಯಿಂದ ಊದಿ ಸ್ವಚ್ಛ ಮಾಡಿ. ತಂತಿ ತೂರಿಸಿದರೆ ರಂಧ್ರದ ಅಳತೆಯೇ ಕೆಡುತ್ತದೆ.

ಏಪ್ರಿಲ್ ಬಿಸಿಲಿನಲ್ಲಿ ಏರು ಹತ್ತಿ ಬಂದು ನಿಲ್ಲಿಸಿದ ಗಾಡಿ ಮತ್ತೆ ಏಳದಿದ್ದರೆ ಅದು ವೇಪರ್ ಲಾಕ್; ಪಂಪಿನಲ್ಲಿ ಪೆಟ್ರೋಲ್ ಕುದಿದು ಆವಿಯಾಗಿದೆ. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ, ಬಾನೆಟ್ ಎತ್ತಿ, ಹತ್ತು ನಿಮಿಷ ಕಾಯಿರಿ. ಎಂಜಿನ್ ಮೇಲೆ ನೀರು ಎರಚಬೇಡಿ, ಎರಕದ ಕಬ್ಬಿಣ ಬಿರಿಯುತ್ತದೆ. ಪದೇ ಪದೇ ಆದರೆ ಪಂಪ್ ಮತ್ತು ಮ್ಯಾನಿಫೋಲ್ಡ್ ನಡುವೆ ತಗಡಿನ ಅಡ್ಡ ಹಾಕಿಸಿ, ಪೆಟ್ರೋಲ್ ಪೈಪನ್ನು ಸೈಲೆನ್ಸರ್ ಪೈಪಿನಿಂದ ದೂರ ಸರಿಸಿ.

ನೀರು, ಬಿಸಿ

ಗಾಡಿ ಕಾಯುತ್ತದೆ ಎಂದು ಥರ್ಮೋಸ್ಟಾಟ್ ಕಿತ್ತುಹಾಕುವ ಪದ್ಧತಿ ನಮ್ಮಲ್ಲಿ ಬಹಳ ಇದೆ. ಕಿತ್ತರೆ ಎಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ತಣ್ಣನೆ ಎಂಜಿನ್ನಿನಲ್ಲಿ ಆಯಿಲ್ ಕೆಸರಾಗುತ್ತದೆ, ಬೋರು ಸವೆಯುತ್ತದೆ. ಕಾಯುವ ನಿಜವಾದ ಕಾರಣ ಬೇರೆ ಕಡೆ ಇರುತ್ತದೆ: ರೇಡಿಯೇಟರ್ ರೆಕ್ಕೆಗಳಲ್ಲಿ ಕೂತ ಹುಳ ಮತ್ತು ಕೆಸರು, ಸಡಿಲ ಬೆಲ್ಟ್, ಹಿಂದೆ ಸರಿದ ಟೈಮಿಂಗ್, ಒತ್ತಡ ಹಿಡಿಯದ ಮುಚ್ಚಳ, ಬ್ಲಾಕಿನ ತಳದಲ್ಲಿ ಕೂತ ಗಸಿ.

ಬೋರ್‌ವೆಲ್ ನೀರು ತುಂಬಿದ ಗಾಡಿಯಲ್ಲಿ ಈ ಗಸಿ ಖಂಡಿತ ಇರುತ್ತದೆ. ಬ್ಲಾಕಿನ ಡ್ರೇನ್ ಟ್ಯಾಪ್ ತೆರೆದಾಗ ನೀರು ಬಾರದಿದ್ದರೆ ಒಳಗೆ ಕಟ್ಟಿದೆ, ತಂತಿಯಿಂದ ಬಿಡಿಸಿ. ರೇಡಿಯೇಟರಿನ ಹೋಸ್‌ಗಳನ್ನು ಕಳಚಿ, ಕೆಳಗಿನ ಬಾಯಿಯಿಂದ ಮೇಲಕ್ಕೆ ನೀರು ಬಿಟ್ಟು ತಿಳಿಯಾಗುವ ತನಕ ತೊಳೆಯಿರಿ. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಮೂರನೇ ಒಂದು ಪಾಲು ಕೂಲಂಟ್ ಸೇರಿಸಿ ತುಂಬಿ. ನಮ್ಮಲ್ಲಿ ಹಿಮ ಬೀಳದಿದ್ದರೂ ತುಕ್ಕು ತಡೆಯಲು ಅದು ಬೇಕು.

ಬ್ರೇಕ್

ಡಾಟ್ 3 ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಫ್ಲೂಯಿಡ್ ಘಾಟಿಯಲ್ಲಿ ಕುದಿಯುತ್ತದೆ, ಸಿಲಿಂಡರ್ ಒಳಗೆ ತುಕ್ಕು ಹಿಡಿಸುತ್ತದೆ. ಗ್ರೀಸ್, ಎಂಜಿನ್ ಆಯಿಲ್, ಪೆಟ್ರೋಲ್ ಯಾವುದೂ ಬ್ರೇಕ್ ರಬ್ಬರಿಗೆ ತಾಕಬಾರದು. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಚಾಲಕನ ಬದಿಯ ಮುಂದಿನದು. ಫ್ಲೂಯಿಡ್ ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಶೂ ಸೆಟ್ ಮಾಡಲು ಚಕ್ರ ಎತ್ತಿ, ಅಡ್ಜಸ್ಟರನ್ನು ಚಕ್ರ ತಿರುಗದಷ್ಟು ಬಿಗಿದು, ಉಜ್ಜದೆ ತಿರುಗುವ ತನಕ ಸಡಿಲಿಸಿ. ಗಾಡಿ ಬ್ರೇಕಿಗೆ ಒಂದು ಬದಿಗೆ ಎಳೆದರೆ ಎದುರು ಬದಿಯ ಡ್ರಮ್ಮಿನಲ್ಲಿ ಆಯಿಲ್ ಸೇರಿದೆಯೇ, ಇಲ್ಲವೇ ವೀಲ್ ಸಿಲಿಂಡರ್ ಕಚ್ಚಿಕೊಂಡಿದೆಯೇ ಎಂದು ನೋಡಿ.

ಕರೆಂಟ್

ಡೈನಮೊ ಇರುವ ಗಾಡಿಯಲ್ಲಿ ಬ್ಯಾಟರಿ ಬದಲಿಸುವ ಮುನ್ನ ಬಾಡಿಗೆ ಕೂರಿಸಿದ ವೈರ್ ಯಾವ ತುದಿಯದು ಎಂದು ನೋಡಿ. ಆ ಕಾಲದ ಲೂಕಾಸ್ ಕಂಪನಿಯ ವೈರಿಂಗಿನಲ್ಲಿ ಪಾಸಿಟಿವ್ ಅರ್ಥಿಂಗ್ ಇರಬಹುದು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರಬಹುದು. ಹಾಗಿದ್ದಲ್ಲಿ ಈಗಿನ ಮ್ಯೂಸಿಕ್ ಸಿಸ್ಟಂ, ಮೊಬೈಲ್ ಚಾರ್ಜರ್ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತವೆ. ಡೈನಮೊ ಐಡ್ಲಿಂಗ್‌ನಲ್ಲಿ ಚಾರ್ಜ್ ಮಾಡುವುದಿಲ್ಲ, ಟ್ರಾಫಿಕ್ಕಿನಲ್ಲಿ ಕೆಂಪು ದೀಪ ಮಿನುಗಿದರೆ ದೋಷವಲ್ಲ. ಅದರ ಹಿಂತುದಿಯ ಸಣ್ಣ ರಂಧ್ರಕ್ಕೆ 5,000 ಕಿ.ಮೀ.ಗೊಮ್ಮೆ ಎರಡು ಮೂರು ಹನಿ ಎಂಜಿನ್ ಆಯಿಲ್ ಬಿಡಿ.

ಹಳೆಯ ವೈರಿಂಗಿನಲ್ಲಿ ಇರುವುದು ಎರಡೇ ಫ್ಯೂಸ್, ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ರಿಲೇ ಮತ್ತು ಪ್ರತ್ಯೇಕ ಫ್ಯೂಸ್ ಹಾಕಿಸಿದರೆ ಬೆಳಕೂ ಹೆಚ್ಚುತ್ತದೆ, ಸ್ವಿಚ್ಚೂ ಸುಡುವುದಿಲ್ಲ. ಬ್ಯಾಟರಿಗೊಂದು ಕಟಾಫ್ ಸ್ವಿಚ್, ಸೀಟಿನ ಕೆಳಗೊಂದು ಬೆಂಕಿ ನಂದಿಸುವ ಸಿಲಿಂಡರ್ ಇರಲಿ.

ತುಕ್ಕು

ಎಂಜಿನ್ ಮತ್ತೆ ಕಟ್ಟಬಹುದು. ತಳದ ತಗಡು ಹೋದ ಗಾಡಿಯನ್ನು ಉಳಿಸುವ ಟಿಂಕರಿಂಗ್ ಖರ್ಚು ಗಾಡಿಯ ಬೆಲೆ ದಾಟುತ್ತದೆ. ಮಳೆಗಾಲದಲ್ಲಿ ಮ್ಯಾಟ್ ಎತ್ತಿ ನೆಲ ಒಣಗಿಸಿ. ಬಾಗಿಲ ಕೆಳಅಂಚಿನ ನೀರು ಹೋಗುವ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ, ಬಾಗಿಲ ಕೆಳಗಿನ ಪೆಟ್ಟಿಗೆ ಭಾಗ, ಲೀಫ್ ಸ್ಪ್ರಿಂಗ್ ಬಾಡಿಗೆ ಸೇರುವ ಜಾಗ: ಈ ಮೂರನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಮಂದ ಸದ್ದು ಬಂದರೆ ಪೇಂಟಿನ ಕೆಳಗೆ ತಗಡು ಇಲ್ಲ, ಬರೀ ಪುಟ್ಟಿ.

ಆರ್‌ಟಿಒ ಕಾಗದ

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅವಧಿ ಮುಗಿಯುವ ಮುಂಚಿನ 60 ದಿನಗಳಲ್ಲಿ ಫಾರಂ 25ರಲ್ಲಿ ಅರ್ಜಿ ಹಾಕಿ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. 2022ರ ಏಪ್ರಿಲ್ 1ರಿಂದ ಈ ಶುಲ್ಕ 5,000 ರೂ. ಆಯಿತು, 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ರೂ.ಗೆ ಏರಿತು. ತಡವಾದರೆ ತಿಂಗಳಿಗೆ 500 ರೂ. ದಂಡ ಬೇರೆ.

ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ, ಶುಲ್ಕ 20,000 ರೂ., ಅವಧಿ ಹತ್ತು ವರ್ಷ. ಆದರೆ ಆಮೇಲೆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಮನೆಯವರೆಲ್ಲ ಊರಿಗೆ, ಮದುವೆಗೆ ಹೋಗಿಬರಲು ಬಳಸುವ ಗಾಡಿಗೆ ಮಾಮೂಲಿ ನವೀಕರಣವೇ ಸರಿ.

ಹೊಗೆ ತಪಾಸಣೆಯಲ್ಲಿ ಈ ವಯಸ್ಸಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1,500 ಪಿಪಿಎಂ ಮಿತಿ. ಕಾರ್ಬನ್ ಮೊನಾಕ್ಸೈಡ್ ಒಂದೇ ಹೆಚ್ಚು ಬಂದರೆ ಮಿಶ್ರಣ ದಪ್ಪವಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಹೈಡ್ರೋಕಾರ್ಬನ್ ಒಂದೇ ಹೆಚ್ಚು ಬಂದರೆ ಯಾವುದೋ ಪ್ಲಗ್ ಮಿಸ್ ಹೊಡೆಯುತ್ತಿದೆ ಅಥವಾ ವಾಲ್ವ್ ಸುಟ್ಟಿದೆ. ಕನಿಷ್ಠ ಹದಿನೈದು ನಿಮಿಷ ಓಡಿಸಿ, ಚೋಕ್ ಪೂರ್ತಿ ಒಳಗಿದೆಯೇ ಎಂದು ಕೈಯಿಂದ ಒತ್ತಿ ನೋಡಿಯೇ ತಪಾಸಣೆಯ ಸಾಲಿಗೆ ನಿಲ್ಲಿಸಿ.